ಗೃಹಸ್ಥರಿಗೆ ಹಿತವಚನ: ಗಾಲಿಯ ಮನೆ ಮತ್ತು ಅದರ ನೊಗಭಾರ

ಮನೆಮಂದಿಯನ್ನೆಲ್ಲ ಕರೆದುಕೊಂಡು ದೂರದ ಪ್ರಯಾಣಕ್ಕೆ ಹೊರಡುವ ಗೃಹಸ್ಥನಿಗೆ ಮೂರು ಚಿಂತೆಗಳು ತಪ್ಪಿದ್ದಲ್ಲ: ಇಳಿದುಕೊಳ್ಳಲು ಸ್ಥಳ, ಬಾಯಿಗೆ ಹಿತವಾದ ಊಟ, ವೃದ್ಧರಿಗೂ ಮಕ್ಕಳಿಗೂ ಬೇಕಾದ ಅನುಕೂಲ. ಈ ಮೂರನ್ನೂ ಒಮ್ಮೆಗೇ ಪರಿಹರಿಸುವ ಸಾಧನವೊಂದು ಅಮೆರಿಕದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅದನ್ನು ಅಲ್ಲಿ ಟ್ರಾವೆಲ್ ಟ್ರೈಲರ್ ಎನ್ನುತ್ತಾರೆ. ಒಲೆ, ಹಾಸಿಗೆ, ನೀರಿನ ತೊಟ್ಟಿ, ಶೌಚಗೃಹಗಳುಳ್ಳ ಪುಟ್ಟದೊಂದು ಮನೆಯನ್ನು ಗಾಲಿಗಳ ಮೇಲೆ ನಿಲ್ಲಿಸಿ, ಮೋಟಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವುದೇ ಇದರ ಕ್ರಮ.

ಈ ಬಗೆಯ ಸಂಚಾರವು ಹೊಸದೇನೂ ಅಲ್ಲ. ವೈದ್ಯರೂ ಗ್ರಂಥಕರ್ತರೂ ಆಗಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬವರು ೧೮೮೫ರಲ್ಲಿ ‘ವಾಂಡರರ್’ ಎಂಬ, ಕುದುರೆಗಳೆಳೆಯುವ ಮನೆಯೊಂದರಲ್ಲಿ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಸಂಚರಿಸಿದರು. ಅಮೆರಿಕದ ವಾಲಿ ಬೈಯಮ್ ಎಂಬವರು ೧೯೩೬ರಲ್ಲಿ ಏರ್‌ಸ್ಟ್ರೀಮ್ ಕ್ಲಿಪ್ಪರ್ ಎಂಬ ಅಲ್ಯೂಮಿನಿಯಮ್ ಟ್ರೈಲರನ್ನು ಹೊರತಂದರು; ೧೯೫೯ರಲ್ಲಿ ಆಫ್ರಿಕದ ಕೇಪ್‌ಟೌನಿನಿಂದ ಕೈರೋ ನಗರದ ಕಡೆಗೆ ಇಂಥ ಟ್ರೈಲರುಗಳ ದಂಡನ್ನೇ ನಡೆಸಿಕೊಂಡು ಹೊರಟರು. ಇಂದು ಆ ದೇಶದಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೂ ಈ ಗಾಲಿಯ ಮನೆ ಒದಗಿಬರತಕ್ಕ ವಸ್ತು. ಊರಿನಿಂದ ಬಂದ ತಂದೆತಾಯಿಗಳಿಗೆ ರಾಷ್ಟ್ರೀಯ ಉದ್ಯಾನಗಳನ್ನು ತೋರಿಸಬೇಕು. ಹಾದಿಯಲ್ಲಿ ಬಿಸಿ ಅನ್ನ, ತಿಳಿಸಾರು ಸಿಗಬೇಕು. ರಾತ್ರಿ ಎರಡು ಸಲ ಏಳುವವರಿಗೆ ಶೌಚಗೃಹ ಕೈಯಳತೆಯಲ್ಲಿರಬೇಕು. ಇವಿಷ್ಟನ್ನೂ ಇದು ಸಲ್ಲಿಸಬಲ್ಲುದು. ಆದಕಾರಣ ಇದನ್ನು ಕೊಳ್ಳುವುದರಲ್ಲಿಯೂ ಎಳೆಯುವುದರಲ್ಲಿಯೂ ಅರಿತಿರಬೇಕಾದ ಕೆಲವು ವಿಷಯಗಳನ್ನು ಈ ತಿಂಗಳು ವಿಚಾರಿಸುವೆವು. ಅವೆಲ್ಲಕ್ಕೂ ಮೂಲವಾದದ್ದು ಒಂದೇ: ಭಾರವೆಷ್ಟು, ಆ ಭಾರ ಎಲ್ಲಿದೆ ಎಂಬುದನ್ನು ಯಜಮಾನನು ಅಂದಾಜಿನಿಂದಲ್ಲದೆ ತೂಕದಿಂದಲೇ ತಿಳಿದಿರಬೇಕು.

ನೊಗಭಾರವೆಂದರೇನು?

ಎತ್ತಿನ ಗಾಡಿಗೆ ಹೇರು ಹಾಕುವ ರೈತನಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೂಟೆಗಳು ಹಿಂದಕ್ಕೆ ಜಾರಿದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತುಗಳ ಹೆಗಲನ್ನು ಬಿಡುತ್ತದೆ, ಕೊರಳ ಪಟ್ಟಿ ಬಿಗಿಯುತ್ತದೆ. ಮೂಟೆಗಳೆಲ್ಲ ಮುಂದಕ್ಕೆ ಬಂದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಜಟಕಾದವನು ‘ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ’ ಎಂದು ಜನರನ್ನು ಸರಿಸಿ ಕೂರಿಸುತ್ತಿದ್ದುದೂ ಈ ಕಾರಣಕ್ಕಾಗಿಯೇ. ಟ್ರೈಲರಿನ ಮುಂಗೊಂಡಿಯು ಮೋಟಾರಿನ ಮೇಲೆ ಊರುವ ಭಾರವೂ ಇಂಥದೇ. ನಾವು ಅದನ್ನು ನೊಗಭಾರವೆಂದು ಕರೆಯೋಣ.

ಅಮೆರಿಕದ ಸಾಧಾರಣ ಟ್ರೈಲರುಗಳಲ್ಲಿ ಈ ನೊಗಭಾರವು, ಸಾಮಾನು ತುಂಬಿದ ಟ್ರೈಲರಿನ ಒಟ್ಟು ತೂಕದ ನೂರಕ್ಕೆ ೧೦ರಿಂದ ೧೫ ಭಾಗದಷ್ಟಿರಬೇಕೆಂಬುದು ನಿಯಮ. ಆ ದೇಶದಲ್ಲಿ ತೂಕವನ್ನು ಪೌಂಡಿನಲ್ಲಿ ಹೇಳುವುದರಿಂದ ನಾವೂ ಅದನ್ನೇ ಬಳಸುವೆವು. ಒಂದು ಪೌಂಡು ಅರ್ಧ ಕಿಲೋಗ್ರಾಮಿಗಿಂತ ಸ್ವಲ್ಪ ಕಡಮೆ. ೫,೦೦೦ ಪೌಂಡಿನ ಟ್ರೈಲರಿಗೆ ೫೦೦ರಿಂದ ೭೫೦ ಪೌಂಡುಗಳವರೆಗೆ ನೊಗಭಾರವಿರತಕ್ಕದ್ದು. ಯೂರೋಪಿನ ಗಾಡಿಗಳ ರಚನೆ ಬೇರೆಯಾದ್ದರಿಂದ ಅಲ್ಲಿ ಇದಕ್ಕಿಂತ ಕಡಮೆ ಸಾಕಾಗುತ್ತದೆ. ಅಲ್ಲಿರುವವರು ತಮ್ಮ ಗಾಡಿಯ ಕೈಪಿಡಿಯನ್ನೇ ಅನುಸರಿಸುವುದು ಲೇಸು.

ಈ ಪ್ರಮಾಣ ತಪ್ಪಿದರೆ ಏನಾಗುತ್ತದೆ? ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋಗುವಾಗ ಅದರ ಗಾಳಿ ಟ್ರೈಲರನ್ನು ಒಮ್ಮೆ ಪಕ್ಕಕ್ಕೆ ತಳ್ಳುತ್ತದೆ. ನೊಗಭಾರ ಸರಿಯಿದ್ದರೆ ಒಂದೆರಡು ಓಲಾಟಗಳಲ್ಲಿ ಟ್ರೈಲರು ತಾನಾಗಿಯೇ ನೆಟ್ಟಗಾಗುತ್ತದೆ. ಹಿಂಭಾರವಾಗಿದ್ದರೆ ಹಾಗಾಗದು, ಒಂದೊಂದು ಓಲಾಟವೂ ಹಿಂದಿನದಕ್ಕಿಂತ ಹಿರಿದಾಗುತ್ತ, ಕೊನೆಗೆ ಟ್ರೈಲರೇ ಮೋಟಾರಿನ ಹಿಂಭಾಗವನ್ನು ಹಿಡಿದು ಅಲ್ಲಾಡಿಸುತ್ತದೆ. ವೇಗ ಹೆಚ್ಚಿದಷ್ಟೂ ಓಲಾಟವು ಅಡಗುವುದು ಕಷ್ಟ. ನಿಧಾನವಾಗಿ ಹೋಗುವಾಗ ಸಾಧುವಾಗಿದ್ದ ಗಾಡಿಯು ವೇಗವಾಗಿ ಹೋಗುವಾಗ ಕೆಲವೇ ಕ್ಷಣಗಳಲ್ಲಿ ಮೋಟಾರನ್ನೂ ಸೇರಿಸಿ ಮಗುಚಬಹುದು. ಒಳಗೆ ಕುಳಿತಿರುವವರು ನಮ್ಮ ಮನೆಯವರೆಂಬುದನ್ನು ನೆನೆದರೆ ಈ ಲೆಕ್ಕದಲ್ಲಿ ಯಾರಿಗೂ ಬೇಸರವಾಗಲಾರದು.

ಇನ್ನು ನೊಗಭಾರ ಅತಿಯಾದರೆ ಮೋಟಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರಾಗುತ್ತವೆ. ಚುಕ್ಕಾಣಿಯೂ ಬ್ರೇಕೂ ಮೊದಲಿನಂತೆ ಹಿಡಿಯುವುದಿಲ್ಲ. ಇದಕ್ಕಾಗಿ ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ಸಲಾಕೆಗಳುಳ್ಳ ಕೊಂಡಿಗಳು ದೊರೆಯುತ್ತವೆ. ಅವು ಉಪಯುಕ್ತವಾದರೂ, ಮೋಟಾರು ಹೊರಬಲ್ಲ ಭಾರದ ಮಿತಿಯನ್ನು ಹೆಚ್ಚಿಸುವುದಿಲ್ಲ. ಹಿಂಭಾರವಾಗಿ ತುಂಬಿದ ದೋಷಕ್ಕೂ ಅವು ಮದ್ದಲ್ಲ.

ಕೊಳ್ಳುವ ಮೊದಲು

ಮಾರುವವನು ‘ನಿಮ್ಮ ಮೋಟಾರು ಇದನ್ನು ಸಲೀಸಾಗಿ ಎಳೆಯುತ್ತದೆ’ ಎನ್ನುವುದು ಸಹಜ. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಮೋಟಾರಿನ ಚಾಲಕನ ಬಾಗಿಲು ತೆರೆದರೆ ಅದರ ಚೌಕಟ್ಟಿನಲ್ಲಿ, ಜನರೂ ಸಾಮಾನೂ ಸೇರಿ ಎಷ್ಟು ತೂಕವನ್ನು ಮೀರಬಾರದೆಂದು ತಿಳಿಸುವ ಚೀಟಿಯಿರುತ್ತದೆ. ನೊಗಭಾರವೂ ಈ ಲೆಕ್ಕಕ್ಕೇ ಸೇರತಕ್ಕದ್ದು.

ಉದಾಹರಣೆಗೆ, ಚೀಟಿಯಲ್ಲಿ ೧,೪೦೦ ಪೌಂಡು ಎಂದಿದೆಯೆನ್ನಿ. ೫,೦೦೦ ಪೌಂಡಿನ ಟ್ರೈಲರಿನ ನೊಗಭಾರ ೬೦೦ ಪೌಂಡು. ದಂಪತಿಗಳು, ತಂದೆತಾಯಿಗಳು, ಒಬ್ಬ ಮಗ, ಈ ಐವರಿಗೆ ೭೦೦ ಪೌಂಡು. ಉಳಿದದ್ದು ೧೦೦ ಪೌಂಡು ಮಾತ್ರ. ಅದರಲ್ಲಿ ಕೊಂಡಿಯ ಕಬ್ಬಿಣದ ತೂಕ ಕಳೆದರೆ ಪೆಟ್ಟಿಗೆಗಳಿಗೆ ಜಾಗವೆಲ್ಲಿ? ಎಳೆಯುವ ಶಕ್ತಿ ಬೇಕಾದಷ್ಟಿದ್ದೂ ಹೊರುವ ಶಕ್ತಿ ಮುಗಿದುಹೋಗುವುದು ಹೀಗೆ.

ಮತ್ತೊಂದು ಎಚ್ಚರಿಕೆ: ಜಾಹೀರಾತಿನಲ್ಲಿ ಕಾಣುವುದು ಬರಿಯ ಗಾಡಿಯ ತೂಕ. ನೀರು, ಪಾತ್ರೆ, ಹಾಸಿಗೆ, ದಿನಸಿ ಸೇರಿದ ಮೇಲೆ ಅದು ಎಂದಿಗೂ ಅಷ್ಟೇ ಇರುವುದಿಲ್ಲ. ಆದ್ದರಿಂದ, ತುಂಬಿದಾಗ ಎಷ್ಟಕ್ಕೆ ಮೀರಬಾರದೆಂದು ತಯಾರಕರು ಗಾಡಿಯ ಮೇಲೆ ಬರೆದಿರುತ್ತಾರೋ ಆ ತೂಕವನ್ನೇ ಹಿಡಿದು ಲೆಕ್ಕ ಮಾಡತಕ್ಕದ್ದು. ಸಾಧ್ಯವಾದರೆ ಮೊದಲು ಒಂದು ವಾರದ ಮಟ್ಟಿಗೆ ಬಾಡಿಗೆಗೆ ತೆಗೆದುಕೊಂಡು ನೋಡುವುದು ಉತ್ತಮ. ತಾಯಿಯವರಿಗೆ ಮೆಟ್ಟಿಲು ಎತ್ತರವಾಯಿತೆ, ಮಂಚ ಇಕ್ಕಟ್ಟಾಯಿತೆ ಎಂಬುದು ಅಂಗಡಿಯಲ್ಲಿ ನಿಂತು ನೋಡಿದರೆ ತಿಳಿಯದು.

ಸಾಮಾನು ಇಡುವ ಕ್ರಮ

ಭಾರವಾದ ವಸ್ತುಗಳನ್ನು ನೆಲಮಟ್ಟದಲ್ಲಿ, ಅಚ್ಚಿನ ಮೇಲೆ ಅಥವಾ ಅದಕ್ಕೆ ಸ್ವಲ್ಪ ಮುಂದಾಗಿ ಇಡಬೇಕು. ೨೦ ಪೌಂಡಿನ ಅಕ್ಕಿಯ ಚೀಲ, ರುಬ್ಬುವ ಯಂತ್ರ, ಕುಕ್ಕರು, ಎಣ್ಣೆಯ ಡಬ್ಬ ಇವುಗಳಿಗೆ ಅದೇ ಸ್ಥಾನ. ಮೇಲಿನ ಬೀರುಗಳಲ್ಲಿ ಬಟ್ಟೆ, ಅವಲಕ್ಕಿ, ಹಪ್ಪಳದಂಥ ಹಗುರವಾದವು ಮಾತ್ರ ಇರಲಿ. ಎಡಬಲಗಳ ತೂಕವೂ ಸಮನಾಗಿರಲಿ. ಗಾಡಿಯ ಹಿಂಬದಿಗೆ ಮಕ್ಕಳ ಬೈಸಿಕಲ್ಲುಗಳನ್ನು ಬಿಗಿಯುವ ಅಭ್ಯಾಸ ಕೆಲವರಲ್ಲಿದೆ. ಅಚ್ಚಿನಿಂದ ಅಷ್ಟು ದೂರದಲ್ಲಿರುವ ಸಣ್ಣ ತೂಕವೂ ನೊಗಭಾರವನ್ನು ಬಹಳವಾಗಿ ಇಳಿಸುತ್ತದೆಯಾದ್ದರಿಂದ, ಅದನ್ನು ತೂಗಿ ನೋಡದೆ ಮಾಡತಕ್ಕದ್ದಲ್ಲ.

ನೀರಿನ ವಿಷಯವನ್ನು ಬಹುಮಂದಿ ಮರೆಯುತ್ತಾರೆ. ೪೦ ಗ್ಯಾಲನ್ನಿನ ತೊಟ್ಟಿ ತುಂಬಿದರೆ ಸುಮಾರು ೧೫೦ ಲೀಟರು, ಅಂದರೆ ೧೫೦ ಕಿಲೋಗ್ರಾಮು. ಪೌಂಡಿನ ಲೆಕ್ಕದಲ್ಲಿ ೩೩೦ಕ್ಕೂ ಮೇಲು. ತೊಟ್ಟಿಯು ಅಚ್ಚಿನ ಮುಂದಿದ್ದರೆ ನೊಗಭಾರ ಏರುತ್ತದೆ, ಹಿಂದಿದ್ದರೆ ಇಳಿಯುತ್ತದೆ. ತಂಗುವಲ್ಲಿ ನೀರು ದೊರೆಯುವಂತಿದ್ದರೆ ದಾರಿಗೆ ಬೇಕಾದಷ್ಟನ್ನು ಮಾತ್ರ ತುಂಬಿಕೊಳ್ಳುವುದು ಜಾಣತನ.

ಹೀಗೆ ತುಂಬಿದ ಮೇಲೆ ತೂಗಿಸಬೇಕು. ಅಮೆರಿಕದ ಹೆದ್ದಾರಿಗಳಲ್ಲಿ ಲಾರಿಗಳು ತಂಗುವ ಸ್ಥಳಗಳಲ್ಲಿ ಇದಕ್ಕೆ ಯೋಗ್ಯವಾದ ತೂಕದ ಕಟ್ಟೆಗಳಿರುತ್ತವೆ. ಮೊದಲು ಟ್ರೈಲರು ಕೂಡಿದಂತೆ, ಭಾರ ಹಂಚುವ ಸಲಾಕೆಗಳಿದ್ದರೆ ಅವನ್ನು ಸಡಿಲಿಸಿ, ಮೋಟಾರಿನ ಚಕ್ರಗಳ ತೂಕವನ್ನೂ ಟ್ರೈಲರಿನ ಚಕ್ರಗಳ ತೂಕವನ್ನೂ ಬೇರೆಬೇರೆಯಾಗಿ ಗುರುತಿಸಿಕೊಳ್ಳಿರಿ. ಅನಂತರ ಟ್ರೈಲರನ್ನು ಬಿಡಿಸಿ ಮೋಟಾರನ್ನು ಮಾತ್ರ ತೂಗಿಸಿರಿ. ಎರಡು ಸಲವೂ ಮೋಟಾರಿನಲ್ಲಿ ಅದೇ ಜನ, ಅದೇ ಸಾಮಾನು ಇರಲಿ. ಕೊಂಡಿ ಹಾಕಿದಾಗ ಮೋಟಾರಿನ ಚಕ್ರಗಳ ಮೇಲೆ ಎಷ್ಟು ಹೆಚ್ಚಾಯಿತೋ ಅದೇ ನೊಗಭಾರ. ಅದಕ್ಕೆ ಟ್ರೈಲರಿನ ಚಕ್ರಗಳ ಮೇಲಿನ ತೂಕವನ್ನು ಕೂಡಿಸಿದರೆ ಟ್ರೈಲರಿನ ಒಟ್ಟು ಭಾರ ದೊರೆಯುತ್ತದೆ.

ಹೊರಡುವ ಮುನ್ನ

ಈ ಪರೀಕ್ಷೆಯನ್ನು ಒಬ್ಬರೇ, ಬರೆದಿಟ್ಟ ಪಟ್ಟಿಯನ್ನು ಹಿಡಿದು ಮಾಡಬೇಕು. ಆಗ ಅವರನ್ನು ಯಾರೂ ಮಾತನಾಡಿಸಕೂಡದು.

೧. ಕೊಂಡಿಯು ಗುಂಡಿನ ಮೇಲೆ ಪೂರ್ತಿಯಾಗಿ ಕುಳಿತು, ಅದರ ಚಿಲಕಕ್ಕೆ ಪಿನ್ನು ಬಿದ್ದಿರಬೇಕು. ಟ್ರೈಲರಿನ ಮುಂಗಾಲಿನ ಜಾಕನ್ನು ಸ್ವಲ್ಪ ಏರಿಸಿದಾಗ ಮೋಟಾರಿನ ಹಿಂಭಾಗವೂ ಜೊತೆಯಲ್ಲಿ ಏಳುವಂತಿದ್ದರೆ ಕೊಂಡಿ ಕೂತಿದೆಯೆಂದು ತಿಳಿಯಬಹುದು.

೨. ರಕ್ಷಣೆಯ ಎರಡು ಸರಪಳಿಗಳನ್ನು ಕೊಂಡಿಯ ಕೆಳಗೆ ಒಂದರ ಮೇಲೊಂದು ಅಡ್ಡಹಾಯುವಂತೆ ಸಿಕ್ಕಿಸಬೇಕು. ಕೊಂಡಿ ಕಳಚಿದರೂ ಮುಂಭಾಗವು ನೆಲಕ್ಕೆ ನಾಟದೆ ಆ ತೊಟ್ಟಿಲಿನಲ್ಲಿ ನಿಲ್ಲುತ್ತದೆ.

೩. ಟ್ರೈಲರು ಕಳಚಿದಾಗ ತಾನೇ ಬ್ರೇಕು ಹಿಡಿಯುವಂತೆ ಮಾಡುವ ತಂತಿಯೊಂದಿರುತ್ತದೆ. ಅದನ್ನು ಸರಪಳಿಗೆ ಕಟ್ಟದೆ, ಮೋಟಾರಿಗೇ ಬೇರೆಯಾಗಿ ಕಟ್ಟಬೇಕು.

೪. ಹಿಂದಿನ ದೀಪಗಳು, ತಿರುವಿನ ದೀಪಗಳು, ಟ್ರೈಲರಿನ ಬ್ರೇಕು ಇವನ್ನು ಒಬ್ಬರು ಹಿಂದೆ ನಿಂತು ನೋಡಲಿ.

೫. ಟೈರುಗಳ ಗಾಳಿಯನ್ನು ಅವು ತಣ್ಣಗಿರುವಾಗ ಅಳೆಯಬೇಕು. ಟೈರಿನ ಪಕ್ಕದಲ್ಲಿ ಕೆತ್ತಿರುವ ಕೊನೆಯ ನಾಲ್ಕು ಅಂಕೆಗಳು ಅದರ ವಯಸ್ಸನ್ನು ಹೇಳುತ್ತವೆ. ೨೩೧೯ ಎಂದರೆ ೨೦೧೯ನೆಯ ಇಸವಿಯ ೨೩ನೆಯ ವಾರ. ಟ್ರೈಲರು ವರ್ಷದಲ್ಲಿ ಬಹುಕಾಲ ನಿಂತೇ ಇರುವುದರಿಂದ ಟೈರುಗಳು ಸವೆಯದಿದ್ದರೂ ಹಳತಾಗುತ್ತವೆ.

೬. ಚಕ್ರದ ನಟ್ಟುಗಳನ್ನು ಹೇಳಿದ ಬಿಗಿತಕ್ಕೆ ಬಿಗಿಸಿ, ಚಕ್ರ ಹೊಸದಾಗಿ ಹಾಕಿದ್ದಾದರೆ ಮೊದಲ ೫೦ರಿಂದ ೧೦೦ ಮೈಲಿಗಳೊಳಗೆ ಮತ್ತೆ ನೋಡಬೇಕು.

೭. ಅನಿಲದ ಸಿಲಿಂಡರಿನ ಬಾಯಿ ಮುಚ್ಚಿ, ಮೆಟ್ಟಿಲು, ಕಿಟಕಿ, ಜಾಕುಗಳನ್ನು ಸರಿಪಡಿಸಬೇಕು.

ದಾರಿಯಲ್ಲಿ

ಟ್ರೈಲರು ಓಡುವಾಗ ಅದರೊಳಗೆ ಯಾರೂ ಇರತಕ್ಕದ್ದಲ್ಲ. ಮಲಗಿದ್ದ ಮಗುವನ್ನೂ ಎಬ್ಬಿಸಿ ಮೋಟಾರಿಗೆ ತರಬೇಕು. ಕ್ಯಾಲಿಫೋರ್ನಿಯದಲ್ಲಿ ಟ್ರೈಲರು ಎಳೆಯುವ ಮೋಟಾರಿಗೆ ಗಂಟೆಗೆ ೫೫ ಮೈಲಿಯೇ ಕಟ್ಟಕಡೆಯ ವೇಗ. ಬೇರೆ ಸಂಸ್ಥಾನಗಳಲ್ಲಿ ಹೆಚ್ಚು ವೇಗಕ್ಕೆ ಅನುಮತಿಯಿದ್ದರೂ, ಟ್ರೈಲರಿನ ಅನೇಕ ಟೈರುಗಳು ೬೫ ಮೈಲಿಗೆ ಮಾತ್ರ ತಯಾರಾದವುಗಳೆಂಬುದನ್ನು ಮರೆಯಬಾರದು. ಇಳಿಜಾರು ಬರುವ ಮೊದಲೇ ಕೆಳಗಿನ ಗಿಯರಿಗೆ ಬಂದು, ಬ್ರೇಕುಗಳು ಕಾಯದಂತೆ ನೋಡಿಕೊಳ್ಳಬೇಕು.

ಓಲಾಟ ತಲೆದೋರಿದಾಗ ಹೆದರಿದ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಆಗ ಮೋಟಾರು ನಿಧಾನವಾಗಿ, ಹಿಂದಿನ ಟ್ರೈಲರು ಅದನ್ನು ನೂಕಿ ಅನಾಹುತವನ್ನು ಹೆಚ್ಚಿಸುತ್ತದೆ. ವೇಗ ಹೆಚ್ಚಿಸಿದರೂ ಕೇಡೇ. ಮಾಡಬೇಕಾದದ್ದು ಇಷ್ಟು: ಚುಕ್ಕಾಣಿಯನ್ನು ನೆಟ್ಟಗೆ ಹಿಡಿದು, ವೇಗದ ಪೆಡಲಿನಿಂದ ಕಾಲನ್ನು ಮೆಲ್ಲಗೆ ತೆಗೆದು, ಟ್ರೈಲರಿನ ಬ್ರೇಕನ್ನು ಮಾತ್ರ ಹಿಡಿಸುವ ಕೈಸನ್ನೆಯನ್ನು ಒತ್ತಬೇಕು. ಟ್ರೈಲರು ಹಿಂದಕ್ಕೆ ಜಗ್ಗಿ ಸಾಲು ನೆಟ್ಟಗಾಗುತ್ತದೆ. ಆ ಕೈಸನ್ನೆ ಎಲ್ಲಿದೆಯೆಂಬುದನ್ನು ಮನೆಯ ಅಂಗಳದಲ್ಲಿ ನಿಂತಾಗಲೇ ಕಣ್ಣುಮುಚ್ಚಿ ಮುಟ್ಟುವಷ್ಟು ಅಭ್ಯಾಸ ಮಾಡಿಕೊಂಡಿರಬೇಕು. ಅನಂತರ ಸುರಕ್ಷಿತವಾದ ಸ್ಥಳದಲ್ಲಿ ನಿಲ್ಲಿಸಿ, ಸಾಮಾನನ್ನು ಮುಂದಕ್ಕೆ ಸರಿಸಿದಲ್ಲದೆ ಮತ್ತೆ ಹೊರಡಬಾರದು.

ತಂಗುವಲ್ಲಿ

ಹಿಂದಕ್ಕೆ ನಡೆಸುವುದು ಹೊಸಬರಿಗೆ ಕಷ್ಟವೆನಿಸಿದರೂ ಅದಕ್ಕೊಂದು ಸುಲಭೋಪಾಯವಿದೆ. ಚುಕ್ಕಾಣಿಯ ಕೆಳಭಾಗದಲ್ಲಿ ಕೈಯಿಟ್ಟುಕೊಂಡು, ಟ್ರೈಲರು ಯಾವ ಕಡೆಗೆ ಹೋಗಬೇಕೋ ಆ ಕಡೆಗೆ ಕೈಯನ್ನು ಸರಿಸಿದರೆ ಸಾಕು. ನಿಲ್ಲಿಸಿದ ಮೇಲೆ ಮೊದಲು ಎಡಬಲಗಳ ಮಟ್ಟ ನೋಡಿ, ಚಕ್ರಗಳಿಗೆ ಅಡ್ಡೆ ಕೊಟ್ಟು, ಆಮೇಲೆ ಕೊಂಡಿ ಬಿಡಿಸಿ, ಮುಂಗಾಲಿನ ಜಾಕಿನಿಂದ ಹಿಂದುಮುಂದಿನ ಮಟ್ಟ ಮಾಡಬೇಕು. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಗಾಡಿ ಉರುಳಿಹೋಗುವ ಭಯವುಂಟು. ಒಲೆಯನ್ನು ಅಡಿಗೆಗಲ್ಲದೆ ಚಳಿ ಕಾಯಿಸಿಕೊಳ್ಳಲು ಎಂದಿಗೂ ಉರಿಸಬಾರದು. ವಿಷಗಾಳಿಯನ್ನು ಎಚ್ಚರಿಸುವ ಗಂಟೆ ಸರಿಯಾಗಿದೆಯೇ ಎಂದು ಪ್ರತಿ ಪ್ರಯಾಣದಲ್ಲಿಯೂ ಪರೀಕ್ಷಿಸಬೇಕು.

ಟ್ರೈಲರಿನ ದೊಡ್ಡ ಅನುಕೂಲವೆಂದರೆ ಅದನ್ನು ಬೀಡಿನಲ್ಲಿ ಬಿಟ್ಟು ಮೋಟಾರಿನಲ್ಲಿ ಮಾತ್ರ ಸುತ್ತಿಬರಬಹುದು. ಮೊಂಟಾನದ ಗ್ಲೇಸಿಯರ್ ಉದ್ಯಾನದ ಬೆಟ್ಟದ ದಾರಿಯಲ್ಲಿ ೨೧ ಅಡಿಗಿಂತ ಉದ್ದವಾದ ವಾಹನಗಳಿಗೆ ಪ್ರವೇಶವಿಲ್ಲ. ಟ್ರೈಲರನ್ನು ಕೆಳಗೆ ಬಿಟ್ಟು ಹೋದವರಿಗೆ ಆ ನೋಟ ತಪ್ಪುವುದಿಲ್ಲ.

ಕಾಪಾಡುವ ಬಗೆ

ಗಾಲಿಯ ಮನೆಗೆ ಮಳೆಯ ನೀರೇ ಪರಮ ಶತ್ರು. ವರ್ಷಕ್ಕೆ ಎರಡು ಸಲವಾದರೂ ಮಾಳಿಗೆಯ ಸಂದುಗಳನ್ನೂ ಕಿಟಕಿಯ ಅಂಚುಗಳನ್ನೂ ನೋಡಿ ಬಿರುಕಿಗೆ ಮೆತ್ತಬೇಕು. ಶೌಚದ ತೊಟ್ಟಿಯನ್ನು ಮೊದಲು, ಸ್ನಾನದ ನೀರಿನ ತೊಟ್ಟಿಯನ್ನು ಆಮೇಲೆ ಬರಿದು ಮಾಡಿದರೆ ಕೊಳವೆ ತಾನೇ ತೊಳೆದುಹೋಗುತ್ತದೆ. ಹೆಪ್ಪುಗಟ್ಟುವ ಚಳಿಯ ಪ್ರದೇಶಗಳಲ್ಲಿ ಚಳಿಗಾಲಕ್ಕೆ ಮುಂಚೆಯೇ ಕೊಳವೆಗಳ ನೀರನ್ನೆಲ್ಲ ಹೊರಗೆ ಬಿಟ್ಟು, ಇದಕ್ಕಾಗಿಯೇ ದೊರೆಯುವ ನಸುಗೆಂಪು ದ್ರವವನ್ನು ತುಂಬಿಡತಕ್ಕದ್ದು. ಇಲ್ಲವಾದರೆ ನೀರು ಗಡ್ಡೆಕಟ್ಟಿ ಕೊಳವೆಗಳು ಒಡೆಯುತ್ತವೆ.

ಇಷ್ಟನ್ನೂ ನೆನಪಿಡಲಾರದವರು ಒಂದನ್ನಾದರೂ ಬರೆದು ಮೋಟಾರಿನಲ್ಲಿ ಅಂಟಿಸಿಕೊಳ್ಳಲಿ: ತಮ್ಮ ಟ್ರೈಲರಿನ ತೂಕವೆಷ್ಟು, ನೊಗಭಾರವೆಷ್ಟು ಎಂಬ ಎರಡು ಅಂಕೆಗಳನ್ನು, ತೂಗಿಸಿದ ದಿನಾಂಕದೊಡನೆ. ಸಾಮಾನು ಬದಲಾದಾಗಲೆಲ್ಲ ಆ ಅಂಕೆಗಳೂ ಬದಲಾಗಬೇಕು. ಗಾಲಿಯ ಮನೆಯಲ್ಲಿ ಮಾಡಬಹುದಾದ ಸುಲಭವಾದ ಅಡಿಗೆಗಳನ್ನು ಮುಂದಿನ ಸಂಚಿಕೆಯಲ್ಲಿ ತಿಳಿಸುವೆವು.