ಹೂವಿನ ಮೇಲಿನ ಪಟ್ಟೆಯ ಹುಳ

ನವಲಗುಂದದ ಕಡೆಯ ಸೋದರಿಯೊಬ್ಬರು ಹೀಗೆ ಬರೆದಿರುವರು: ಶ್ರಾವಣದಲ್ಲಿ ಹೆಸರಿನ ಹೊಲಕ್ಕೆ ಬುತ್ತಿ ಒಯ್ದಾಗ, ಅವರ ಆರು ವರ್ಷದ ಮಗನು ಹೂವಿನ ಮೇಲೆ ಕುಳಿತಿದ್ದ ಕೆಂಪು-ಕಪ್ಪು ಪಟ್ಟೆಯ ಹುಳವೊಂದನ್ನು ಹಿಡಿದು ಆಡಿದನು. ಆಗ ಯಾವ ನೋವೂ ಇರಲಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ಮುಂಗೈ ಮೇಲೆ ನೀರು ತುಂಬಿದ ಗುಳ್ಳೆಗಳು ಎದ್ದಿದ್ದವು. “ಹುಳ ಕಚ್ಚಲಿಲ್ಲ, ಕುಟುಕಲಿಲ್ಲ. ಜೇನು ಕುಡಿಯಲು ಬಂದ ಹುಳದಿಂದ ಈ ಗುಳ್ಳೆ ಹೇಗೆ ಬಂದವು?” ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯು ಅನೇಕ ತಾಯಂದಿರದಾಗಿರಬಹುದು. ಕಾರಣ ಇದನ್ನು ತುಸು ವಿಸ್ತಾರವಾಗಿ ನೋಡೋಣ.

ಹುಳವನ್ನು ಒತ್ತಿ ಹಿಡಿದರೆ ಅದರ ಕಾಲಿನ ಕೀಲುಗಳಿಂದ ಹಳದಿ ದ್ರವವು ಒಸರುವದು. ಅದರಲ್ಲಿಯ ಕ್ಯಾಂಥರಿಡಿನ್ ಎಂಬ ವಿಷವೇ ಗುಳ್ಳೆಗೆ ಮೂಲ. ಇದನ್ನು 1810ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೋಬಿಕೆ ಎಂಬವರು ಬೇರ್ಪಡಿಸಿದರು. ಗಂಡು ಹುಳವು ಈ ವಿಷವನ್ನು ತಯಾರಿಸಿ ಕೂಡುವಾಗ ಹೆಣ್ಣಿಗೆ ಕೊಡುವದು. ಹೆಣ್ಣು ತನ್ನ ತತ್ತಿಗಳ ರಕ್ಷಣೆಗೆ ಅದನ್ನು ಬಳಸುವದು. ಮೈಮೇಲಿನ ಎದ್ದು ಕಾಣುವ ಬಣ್ಣವು ಹಕ್ಕಿಗಳಿಗೆ ಎಚ್ಚರಿಕೆಯಾಗಿದೆ.

ಇನ್ನು ಗುರುತಿನ ಮಾತು. ಕೆಂಪು ಹುಳವೆಲ್ಲ ವಿಷದ್ದಲ್ಲ. ಗುಂಡಗಿನ ಗುಲಗಂಜಿ ಹುಳವು ಬೆಳೆಯ ಹೇನನ್ನು ತಿನ್ನುವ ನಮ್ಮ ಮಿತ್ರ, ಅದನ್ನು ಕೊಲ್ಲಬಾರದು. ನಮ್ಮ ಪಟ್ಟೆಯ ಹುಳದ ಮೈ ಉದ್ದ, ರೆಕ್ಕೆಯ ಹೊದಿಕೆ ಮೆತ್ತಗೆ, ತಲೆಯು ಕೆಳಗೆ ಬಾಗಿದ್ದು, ತಲೆಯ ಹಿಂದೆ ಸಣ್ಣ ಕುತ್ತಿಗೆ. ಭೂತಗನ್ನಡಿಯಿಂದ ನೋಡಿದರೆ ಮುಂದಿನ ನಾಲ್ಕು ಪಾದಗಳಲ್ಲಿ ಐದೈದು ಗಿಣ್ಣುಗಳೂ, ಹಿಂದಿನೆರಡರಲ್ಲಿ ನಾಲ್ಕು ನಾಲ್ಕೂ ಕಾಣುವವು; ಒಂದೊಂದು ಉಗುರೂ ಸೀಳಿ ಎರಡಾಗಿರುವದು. ಈ ಲಕ್ಷಣಗಳುಳ್ಳ ಹುಳಗಳ ಕುಟುಂಬಕ್ಕೆ ಶಾಸ್ತ್ರಜ್ಞರು ಮೆಲೊಯಿಡೀ ಎಂದು ಹೆಸರಿಟ್ಟಿರುವರು.

ಇವುಗಳೊಳಗೆ ಭೇದವನ್ನು ಬಾಯಿಯಿಂದಲೂ ಮರಿಯ ನಡತೆಯಿಂದಲೂ ಅರಿಯಬೇಕು. ನಮ್ಮ ಎರೆಹೊಲಗಳಲ್ಲಿ ಹೆಸರು, ಅಲಸಂದಿ, ತೊಗರಿ, ಬೆಂಡೆ, ದಾಸವಾಳಗಳ ಹೂವಿಗೆ ಮುತ್ತುವ ಪಟ್ಟೆಯ ಹುಳವು ಮೈಲಾಬ್ರಿಸ್ ಬಳಗದ್ದು. ಅದು ಎಸಳನ್ನೂ ಪರಾಗವನ್ನೂ ಜಗಿದು ತಿನ್ನುವದು. ಬರಿದೆ ಜೇನು ಕುಡಿದು ಹೋಗುವದಿಲ್ಲ. ಕುಟುಂಬದ ಇನ್ನೊಂದು ಶಾಖೆಯಾದ ನೆಮೊಗ್ನಾಥಿನೀಯಲ್ಲಿ, ಕೆಲವು ಹುಳಗಳ ಬಾಯಿಯ ಭಾಗವು ನೀಳವಾಗಿ ಬೆಳೆದು ಹೀರುವ ಕೊಳವೆಯಂತಾಗಿರುವದು. ನಿಜವಾಗಿ ಮಕರಂದ ಹೀರುವವು ಇವೇ. ಇವುಗಳ ಮರಿಗಳು ಹೂವಿನ ಮೇಲೆ ಕಾದು ಕುಳಿತು, ಬಂದ ಕಾಡುಜೇನ್ನೊಣದ ಮೈಗೆ ಅಂಟಿಕೊಂಡು, ಅದರ ಗೂಡಿಗೆ ಹೋಗಿ ಅಲ್ಲಿಯ ಆಹಾರವನ್ನು ತಿಂದು ಬೆಳೆಯುವವು. ಚುರುಕಾಗಿ ಓಡುವ ಮರಿಯು ಮುಂದೆ ದಪ್ಪನೆಯ ಜಡ ಹುಳವಾಗುವ ಈ ವಿಚಿತ್ರ ರೂಪಾಂತರವನ್ನು ಫ್ರಾನ್ಸಿನ ಫಾಬ್ರ್ ಅವರು 1857ರಲ್ಲಿ ವಿವರಿಸಿದರು.

ಮೈಲಾಬ್ರಿಸ್ ಹುಳದ ಮರಿಯ ದಾರಿ ಬೇರೆ. ಅದು ಮಣ್ಣಿನಲ್ಲಿ ಮಿಡತೆಯ ತತ್ತಿಗಳನ್ನು ಹುಡುಕಿ ತಿನ್ನುವದು. ಹೀಗೆ ತಾಯಿಯು ಒಕ್ಕಲಿಗನ ಹೂವನ್ನು ತಿಂದರೆ, ಮರಿಯು ಅವನ ವೈರಿಯ ಸಂತಾನವನ್ನು ತಿನ್ನುವದು! ಆದುದರಿಂದ ಹತ್ತಾರು ಹುಳ ಕಂಡೊಡನೆ ಗಾಬರಿಯಾಗುವ ಕಾರಣವಿಲ್ಲ. ಹೂವಿಗೆ ಹೂವು ಬರಿದಾಗುವಷ್ಟು ಮುತ್ತಿದರೆ ಮಾತ್ರ ಕಾಯಿ ಕಟ್ಟುವದಿಲ್ಲ. ಆಗ ಬೆಳಗಿನ ತಂಪಿನಲ್ಲಿ, ಹುಳ ಮಂದವಾಗಿರುವಾಗ, ಕೈಗೆ ಚೀಲ ತೊಟ್ಟು ಅಥವಾ ಬಲೆಯಿಂದ ಹಿಡಿದು ಸಾಬೂನಿನ ನೀರಿಗೆ ಹಾಕಬೇಕು. ಹೂವಿನ ಕಾಲಕ್ಕೆ ಔಷಧ ಸಿಂಪಡಿಸಿದರೆ ಜೇನ್ನೊಣಗಳೂ ಸಾಯುವವು.

ಹುಳ ಸತ್ತು ಒಣಗಿದರೂ ವಿಷ ಹೋಗುವದಿಲ್ಲ. ಅಮೇರಿಕೆಯಲ್ಲಿ ಇಂಥ ಸತ್ತ ಹುಳಗಳು ಬೆರೆತ ಒಣಮೇವನ್ನು ತಿಂದು ಕುದುರೆಗಳು ಸತ್ತದ್ದುಂಟು. ಇದನ್ನು ನಾಟಿ ಔಷಧವೆಂದು ಯಾರು ಹೇಳಿದರೂ ಹೊಟ್ಟೆಗೆ ತೆಗೆದುಕೊಳ್ಳಬಾರದು. ಮೂತ್ರಪಿಂಡ ಕೆಟ್ಟು ಪ್ರಾಣವೇ ಹೋದೀತು.

ಮೈಮೇಲೆ ಹುಳ ಕುಳಿತರೆ ಹೊಡೆದು ಜಜ್ಜದೆ ಊದಿ ಹಾರಿಸಿರಿ. ದ್ರವ ತಗಲಿದರೆ ಕೂಡಲೆ ಸಾಬೂನು ಹಚ್ಚಿ ತೊಳೆಯಿರಿ. ಆ ಕೈಯಿಂದ ಕಣ್ಣು ಉಜ್ಜಬಾರದು. ಗುಳ್ಳೆಯನ್ನು ಒಡೆಯದೆ ಸ್ವಚ್ಛ ಬಟ್ಟೆ ಸುತ್ತಿರಿ. ಕಣ್ಣಿಗೆ ತಗಲಿದರೆ ನೀರಿನಿಂದ ಚೆನ್ನಾಗಿ ತೊಳೆದು, ಬಾಯಿಗೆ ಹೋದರೆ ತಡಮಾಡದೆ, ವೈದ್ಯರ ಬಳಿಗೆ ಒಯ್ಯಬೇಕು.

ಪತ್ರ ಬರೆದ ಸೋದರಿಯರ ಮಗನ ಗುಳ್ಳೆಗಳು ಮಾಯ್ದಿವೆಯೆಂದು ತಿಳಿದು ಸಂತೋಷವಾಯಿತು. ಅವನಿಗೆ ಹುಳದ ಭಯ ಹಾಕುವದು ಬೇಡ. ಮುಂದಿನ ಶ್ರಾವಣದಲ್ಲಿ ಅದೇ ಹೊಲಕ್ಕೆ ಕರೆದೊಯ್ದು, ಕೈ ಹಿಂದಕ್ಕೆ ಕಟ್ಟಿಸಿ, ಹುಳದ ಕುತ್ತಿಗೆಯನ್ನೂ ಪಟ್ಟೆಯನ್ನೂ ತೋರಿಸಿರಿ.