ಅರಳುಮರಳು ಯಾರಿಗೆ?

'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯ ಮರೆಯಲ್ಲಿ ನಾವು ಎಷ್ಟು ದಿನ ಅಡಗುವುದು, ಬಾಂಧವರೇ? ಊರಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ ಉಂಡು ಹೊಲಕ್ಕೆ ನಡೆಯುತ್ತಿದ್ದ ತಾಯಿಯನ್ನು ಕ್ಯಾಂಪಿನ ಮೂರನೆಯ ಮಹಡಿಗೆ ತಂದು ಕೂಡ್ರಿಸುತ್ತೇವೆ. ಚಹಾ, ಬೇಕರಿ ಬಿಸ್ಕತ್ತು, ದಿನವೆಲ್ಲ ಟಿ.ವಿ. ಆಕೆಗೆ ಮರಾಠಿ ಬಾರದು. ಮೊಮ್ಮಕ್ಕಳಿಗೆ ಕನ್ನಡ ಬಾರದು. ಆಮೇಲೆ ಮರೆವು ಬಂತೆಂದು ಗೊಣಗುತ್ತೇವೆ!

2024ರ ಲ್ಯಾನ್ಸೆಟ್ ಆಯೋಗವು ಮರೆಗುಳಿ ರೋಗಕ್ಕೆ ನಿವಾರಿಸಬಹುದಾದ 14 ಕಾರಣಗಳನ್ನು ಹೆಸರಿಸಿದೆ. ಅವೆಲ್ಲ ನೀಗಿದರೆ ಸುಮಾರು ಶೇಕಡಾ 45 ಪ್ರಕರಣಗಳನ್ನು ತಡೆಯಬಹುದು, ಇಲ್ಲವೆ ಮುಂದೂಡಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೈಗೆ ದುಡಿಮೆಯಿಲ್ಲದಿರುವುದು, ಕಿವುಡು, ಒಂಟಿತನ ಎಲ್ಲವೂ ಆ ಪಟ್ಟಿಯಲ್ಲಿವೆ. (ನಮ್ಮ ಉಪ್ಪಿನಕಾಯಿ-ಹಪ್ಪಳದ ಚಪಲವನ್ನೂ ನಾನು ಹೊಗಳಲಾರೆ.) ಕಿವಿಯ ಯಂತ್ರಕ್ಕೆ ದುಡ್ಡಿಲ್ಲವೆನ್ನುವ ಮಕ್ಕಳು ಟಿ.ವಿ.ಯ ಸದ್ದು ಏರಿಸುತ್ತಾರೆ. ಸಂಘಕ್ಕೆ ಕರೆತನ್ನಿರೆಂದರೆ, "ಅವರಿಗೇನು ತಿಳಿಯುತ್ತದೆ?" ಎನ್ನುತ್ತಾರೆ.

ಮುಂದಿನ ಸಭೆಗೆ ಕರೆತನ್ನಿ. ಮೆಟ್ಟಿಲಿಳಿಯಲು ಕೈ ನಾವು ಕೊಡುತ್ತೇವೆ.