ಕಣವೂ ಕೊಟ್ಟಿಗೆಯೂ ಸೇರಿ ಮನೆ

ಮಲೆನಾಡಿನ ಹಳೆಯ ಬೇಸಾಯದ ಮನೆಯೊಂದು ಅಳಿಯತೊಡಗುವುದು ಸಾಮಾನ್ಯವಾಗಿ ಹೆಬ್ಬಾಗಿಲಿನ ಕಡೆಯಿಂದಲ್ಲ, ಹಿತ್ತಿಲ ಕಡೆಯಿಂದ. ಮೊದಲು ದನಗಳ ಸಂಖ್ಯೆ ಇಳಿದು ಕೊಟ್ಟಿಗೆ ಬರಿದಾಗುತ್ತದೆ. ಬರಿದಾದ ಕೊಟ್ಟಿಗೆಯ ಮಾಡಿನಿಂದ ಹೆಂಚು ತೆಗೆದು ಮನೆಯ ಸೋರುವ ಭಾಗಕ್ಕೆ ಹೊದಿಸುತ್ತಾರೆ. ಭತ್ತದ ಗದ್ದೆ ತೋಟವಾಗಿಯೋ ಬೀಳಾಗಿಯೋ ಮಾರ್ಪಟ್ಟ ಬಳಿಕ ಭತ್ತ ತುಂಬಿಡುವ ಪಣತದ ಹಲಗೆಗಳಿಗೆ ಬೇರೆ ಉಪಯೋಗ ದೊರೆಯುತ್ತದೆ. ಸಗಣಿ ಸಾರಿಸದೆ ಕೆಲವು ವರ್ಷ ಬಿಟ್ಟ ಕಣದ ಮೇಲೆ ಗಿಡಗಂಟಿ ಹಬ್ಬುತ್ತದೆ. ಕಡೆಗೆ ಯಾರಾದರೊಬ್ಬ ಅಭಿಜ್ಞನು ಬಂದು ಜಗಲಿಯ ಮುಂಡಿಗೆಗಳ ಕೆತ್ತನೆಯನ್ನು ಕಂಡು ಬೆರಗಾಗಿ, ಇದು ಉಳಿಯತಕ್ಕ ವಸ್ತುವೆಂದು ಹೇಳುವ ಹೊತ್ತಿಗೆ, ಆ ಮನೆ ಏಕೆ ಅಷ್ಟು ದೊಡ್ಡದಾಗಿ, ಏಕೆ ಆ ಇಳಿಜಾರಿನಲ್ಲಿ, ಏಕೆ ಆ ದಿಕ್ಕಿಗೆ ಮುಖಮಾಡಿ ಕಟ್ಟಲ್ಪಟ್ಟಿತೆಂಬುದನ್ನು ತಿಳಿಸಬಲ್ಲ ಅಂಗಗಳೆಲ್ಲ ನೆಲಸಮವಾಗಿರುತ್ತವೆ. ಹಳ್ಳಿಯ ಮನೆಗಳನ್ನು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಬೇಕೆಂದು ವಾದಿಸುವ ಸಜ್ಜನರು ಸಹ ಬಹುಮಟ್ಟಿಗೆ ಮುಖ್ಯಗೃಹವನ್ನೇ ಕಣ್ಣಮುಂದಿಟ್ಟುಕೊಂಡಿರುತ್ತಾರೆ. ಕೊಟ್ಟಿಗೆ, ಕಣ, ಪಣತ, ಬಚ್ಚಲುಮನೆ, ಅಡಿಕೆ ಬೇಯಿಸುವ ಒಲೆ, ಆಳುಗಳ ಬಿಡಾರ, ಇವುಗಳನ್ನು ಬಿಟ್ಟ ಪಟ್ಟಿ ಅಪೂರ್ಣವಷ್ಟೇ ಅಲ್ಲ, ಚರಿತ್ರೆಯ ದೃಷ್ಟಿಯಿಂದ ಅನ್ಯಾಯವೂ ಹೌದೆಂಬುದು ಈ ಲೇಖನದ ವಾದ.

ಇಂಥ ಮನೆಗಳಿಗೆ ಈಗಿರುವ ಶಾಸನಗಳಿಂದ ದೊರೆಯುವ ರಕ್ಷಣೆ ಅತ್ಯಲ್ಪ. ಕೇಂದ್ರ ಸರ್ಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಾಗಲಿ, ನಮ್ಮ ರಾಜ್ಯದ 1961ರ ಕಾಯಿದೆಯಾಗಲಿ, ಕನಿಷ್ಠ 100 ವರ್ಷಗಳ ಆಯುಷ್ಯವನ್ನು ಅಪೇಕ್ಷಿಸುತ್ತವೆಯೇ ಹೊರತು ಗೃಹಗಳನ್ನು ಹೊರಗಿಡುವುದಿಲ್ಲ. ಆದರೆ ಅವುಗಳ ಹಿಂದಿರುವ ಕಲ್ಪನೆ ದೇವಾಲಯ, ದುರ್ಗ, ಶಾಸನಶಿಲೆ, ಸಮಾಧಿ ಮೊದಲಾದ, ಕಟ್ಟಿಸಿದವರ ನಿತ್ಯಜೀವನದಿಂದ ಈಗಾಗಲೇ ಬೇರ್ಪಟ್ಟ ವಸ್ತುಗಳದು. ಹಾಗೆ ಬೇರ್ಪಟ್ಟ ವಸ್ತುವಿಗೆ ಬೇಲಿ ಹಾಕಿ ಕಾವಲಿಡುವುದು ಯೋಗ್ಯವಾದ ಕ್ರಮ. ಒಕ್ಕಲುಮನೆಯ ಸ್ಥಿತಿ ಬೇರೆ. ಅಲ್ಲಿ ಇಂದಿಗೂ ಒಲೆ ಉರಿಯುತ್ತದೆ, ಮಕ್ಕಳು ಓದುತ್ತಾರೆ, ಮಳೆಗಾಲಕ್ಕೆ ಮುನ್ನ ಸೌದೆ ಸೇರಿಸಬೇಕಾಗುತ್ತದೆ. ಕೇಂದ್ರ ಕಾಯಿದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿರ್ಮಾಣ ನಿಷೇಧದ ವಲಯ, ಅದರಾಚೆ ಮತ್ತೆ 200 ಮೀಟರು ನಿಯಂತ್ರಿತ ವಲಯ. ಈ ವಿಧಿಯನ್ನು ಒಂದು ಬೇಸಾಯದ ಮನೆಗೆ ಅನ್ವಯಿಸಿದರೆ ಗೃಹಸ್ಥನು ತನ್ನ ಹಸುಗಳಿಗಾಗಿ ಹೊಸದೊಂದು ಕೊಟ್ಟಿಗೆಯನ್ನು ಕಟ್ಟಲಾರನು. ರಕ್ಷಿಸಹೊರಟ ಜೀವನವನ್ನೇ ರಕ್ಷಣೆಯು ನಿಲ್ಲಿಸಿಬಿಡುತ್ತದೆ. ಆದುದರಿಂದ ಸ್ಮಾರಕಗಳ ಶಾಸನವನ್ನು ಹಳ್ಳಿಯ ಮನೆಗಳವರೆಗೆ ವಿಸ್ತರಿಸಿರೆಂದು ಕೇಳುವುದು ವಿವೇಕವಲ್ಲ.

ನಗರಗಳಲ್ಲಿ ಬೇರೊಂದು ಮಾರ್ಗ ರೂಢಿಗೆ ಬಂದಿದೆ. ಮುಂಬಯಿಯಲ್ಲಿ 1995ರಲ್ಲಿ ಜಾರಿಗೆ ಬಂದ ಪಾರಂಪರಿಕ ಕಟ್ಟಡಗಳ ನಿಯಮಾವಳಿ ಕಟ್ಟಡಗಳನ್ನು ದರ್ಜೆವಾರು ಪಟ್ಟಿಮಾಡಿ, ಬದಲಾವಣೆಗೆ ಮುನ್ನ ಅನುಮತಿ ಪಡೆಯಬೇಕೆಂದು ವಿಧಿಸಿತು. ಎತ್ತರಿಸಿ ಕಟ್ಟುವ ಅವಕಾಶವನ್ನು ಕಳೆದುಕೊಂಡ ಮಾಲೀಕನು ಆ ಹಕ್ಕನ್ನು ಬೇರೆಡೆಗೆ ವರ್ಗಾಯಿಸಿ ಮಾರಿಕೊಳ್ಳಬಹುದೆಂಬ ಏರ್ಪಾಡನ್ನೂ ಮಾಡಿತು. ನಗರದಲ್ಲಿ ಇದು ನ್ಯಾಯಸಮ್ಮತವಾದ ಪರಿಹಾರ. ತೀರ್ಥಹಳ್ಳಿಯ ಅಥವಾ ಸಿದ್ದಾಪುರದ ಕಾಡಂಚಿನ ಗೃಹಸ್ಥನಿಗಾದರೋ ಆಕಾಶದ ಹಕ್ಕನ್ನು ಮಾರಲು ಕೊಳ್ಳುವವರಿಲ್ಲ. ಅಲ್ಲದೆ ನಗರ ಯೋಜನೆಯ ಶಾಸನದ ವಲಯ ನಿಯಮಗಳು ಯೋಜನಾ ಪ್ರದೇಶದೊಳಗೆ ಮಾತ್ರ ನಡೆಯತಕ್ಕವು; ಒಂಟಿಮನೆಗಳ ಮಲೆನಾಡಿನ ಬಹುಭಾಗ ಅವುಗಳ ಹೊರಗೇ ಉಳಿದಿದೆ.

ಇಂಗ್ಲೆಂಡಿನ ಅನುಭವವನ್ನು ಇಲ್ಲಿ ನೆನೆಯುವುದು ಉಪಯುಕ್ತ. ಆ ದೇಶದಲ್ಲಿ ಸ್ಮಾರಕಗಳ ಮೊದಲ ಕಾಯಿದೆ 1882ರದಾದರೂ, ಜನ ವಾಸಿಸುವ ಕಟ್ಟಡಗಳ ಪಟ್ಟಿ ವ್ಯವಸ್ಥಿತವಾಗಿ ಬೆಳೆದದ್ದು 1947ರ ಯೋಜನಾ ಶಾಸನದಿಂದ. ಇಂದು ಅಲ್ಲಿ ಮೂರು ದರ್ಜೆಗಳಿವೆ. ಕೃಷಿಕನ ಮನೆಯನ್ನು ಪಟ್ಟಿಗೆ ಸೇರಿಸಿದಾಗ ಅದರ ಆವರಣದೊಳಗಿದ್ದು 1948ರ ಜುಲೈ 1ಕ್ಕೆ ಮುಂಚಿನಿಂದಲೂ ನಿಂತಿರುವ ಕಟ್ಟಡಗಳು ಪ್ರತ್ಯೇಕವಾಗಿ ಹೆಸರಿಸಲ್ಪಡದಿದ್ದರೂ ಪಟ್ಟಿಯ ರಕ್ಷಣೆಗೆ ಒಳಪಡುತ್ತವೆಂಬುದು 1990ರ ಕಾಯಿದೆಯ ಒಂದು ಪ್ರಧಾನ ತತ್ತ್ವ. ಯಾವುದು ಆವರಣ, ಯಾವುದು ಅದರ ಹೊರಗು, ಎಂಬುದನ್ನು ನಿರ್ಣಯಿಸುವಾಗ ಅಲ್ಲಿಯ ನ್ಯಾಯಾಲಯಗಳು ಕಟ್ಟಡಗಳ ಪರಸ್ಪರ ಸನ್ನಿವೇಶ, ಒಡೆತನ, ಉಪಯೋಗ, ಈ ಮೂರನ್ನು ಪರಿಶೀಲಿಸುತ್ತವೆ. ವ್ಯಾಜ್ಯಗಳು ಇಲ್ಲದಿಲ್ಲ, ಆದರೂ ಮನೆಯೆಂದರೆ ನಾಲ್ಕು ಗೋಡೆಯಲ್ಲ, ಒಂದು ಸಮುಚ್ಚಯವೆಂಬ ತಿಳಿವಳಿಕೆ ಶಾಸನದೊಳಗೆ ನೆಲೆಗೊಂಡಿದೆ. ಲಂಡನ್ ವಿಮಾನ ನಿಲ್ದಾಣದ ಹತ್ತಿರ ಹಾರ್ಮಂಡ್ಸ್‌ವರ್ತ್ ಎಂಬ ಊರಿನಲ್ಲಿ 1426ರ ಸುಮಾರಿಗೆ ಓಕ್ ಮರದಿಂದ ಕಟ್ಟಿದ, ಸುಮಾರು 58 ಮೀಟರು ಉದ್ದದ ಧಾನ್ಯಶಾಲೆಯೊಂದಿದೆ. ಅದು ಅರಮನೆಯಲ್ಲ, ದೇವಮಂದಿರವಲ್ಲ, ಸುಗ್ಗಿಯ ಧಾನ್ಯವನ್ನು ಕೂಡಿಟ್ಟು ಒಕ್ಕುತ್ತಿದ್ದ ಸ್ಥಳ. ಅದಕ್ಕೆ ಆ ದೇಶ ಪ್ರಥಮ ದರ್ಜೆಯ ಮಾನ್ಯತೆಯನ್ನು ಕೊಟ್ಟಿದೆ.

ನಮ್ಮಲ್ಲಿಯ ಹೊರಕಟ್ಟಡಗಳು ಹೇಳತಕ್ಕ ಕಥೆ ಇದಕ್ಕಿಂತ ಕಡಿಮೆಯದಲ್ಲ. ಅಡಿಕೆಯ ಸೀಮೆಯನ್ನೇ ತೆಗೆದುಕೊಳ್ಳೋಣ. ಬೆಟ್ಟದ ಸೊಪ್ಪನ್ನು ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಿ, ಸಗಣಿ ಗಂಜಲಗಳೊಡನೆ ಬೆರೆತ ಆ ಹಾಸನ್ನು ಗುಂಡಿಗೆ ಹಾಕಿ, ಕಳಿತ ಗೊಬ್ಬರವನ್ನು ಹೆಡಿಗೆಯಲ್ಲಿ ಹೊತ್ತು ತೋಟಕ್ಕಿಳಿಸುವ ಪದ್ಧತಿಯಿಂದಲೇ ತಲೆಮಾರುಗಳ ಕಾಲ ಅಡಿಕೆ ಮರ ಬದುಕಿತು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಸುಮಾರು 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟದ್ದು ಈ ಕಾರಣದಿಂದ. ಬೆಟ್ಟ ಮೇಲೆ, ಕೊಟ್ಟಿಗೆ ನಡುವೆ, ತೋಟ ಕೆಳಗೆ, ಎಂಬ ವಿನ್ಯಾಸದಲ್ಲಿ ಮನೆ ತನ್ನ ಸ್ಥಾನವನ್ನು ಪಡೆಯಿತು. ಕೊಟ್ಟಿಗೆಯನ್ನು ತೆಗೆದುಹಾಕಿ ಮನೆಯನ್ನು ಮಾತ್ರ ಉಳಿಸಿದರೆ ಆ ಸ್ಥಾನಕ್ಕೆ ಅರ್ಥ ಹೇಳುವವರಾರು? ಮಲೆನಾಡಿನಲ್ಲಿ ಮಳೆ ಪೂರ್ತಿ ಹಿಂದೆಗೆಯುವ ಮೊದಲೇ ಎಳೆಯ ಅಡಿಕೆಯ ಕೊಯ್ಲು ಆರಂಭವಾಗುವುದರಿಂದ, ರಾತ್ರಿಯೆಲ್ಲ ಕುಳಿತು ಸುಲಿಯುವುದಕ್ಕೆ ಮಾಡು ಬೇಕು, ಬೇಯಿಸುವುದಕ್ಕೆ ದೊಡ್ಡ ಹಂಡೆಯೂ ಒಲೆಯೂ ಬೇಕು, ಒಣಗಿಸುವುದಕ್ಕೆ ಅಟ್ಟ ಬೇಕು. ಕರಾವಳಿಯಲ್ಲಿ ಹಣ್ಣಡಿಕೆಯನ್ನು ಸುಮಾರು 40 ದಿನ ಬಿಸಿಲಿಗೆ ಹರವಿ ಚಾಲಿ ಮಾಡುವುದರಿಂದ ಅಲ್ಲಿ ವಿಶಾಲವಾದ, ಮರದ ನೆರಳು ಬೀಳದ ಅಂಗಳವೇ ಮನೆಯ ಮುಖ್ಯ ಅಂಗ. ಘಟ್ಟದ ಮೇಲಿನ ಮನೆಗೂ ಕೆಳಗಿನ ಮನೆಗೂ ಇರುವ ವ್ಯತ್ಯಾಸವನ್ನು ಕಂಬದ ಕೆತ್ತನೆಯಲ್ಲಿ ಹುಡುಕುವವರು ಈ ಒಲೆಯನ್ನೂ ಅಂಗಳವನ್ನೂ ನೋಡಿದರೆ ಉತ್ತರ ಬೇಗ ದೊರಕೀತು.

ತುಳುನಾಡಿನ ಗುತ್ತಿನ ಮನೆಗೆ ಎದುರಿನ ಬಾಕಿಮಾರು ಗದ್ದೆ ಮತ್ತು ಕೋಣಗಳ ಹಟ್ಟಿ ಹೇಗೆ ಅವಿಭಾಜ್ಯವೋ, ಕೊಡಗಿನಲ್ಲಿ ಕುಲದ ಮೂಲಮನೆಯಾದ ಐನ್‌ಮನೆಗೆ ಹೆಂಗಳೆಯರೂ ಹಿರಿಯರೂ ನಡೆದು ಬಂದ ಓಣಿ, ಪೂರ್ವಿಕರಾದ ಕಾರಣವರ ಗುಡಿಯಾದ ಕೈಮಡ, ಒಕ್ಕುವ ಕಳ, ಇವು ಹಾಗೆ. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ನೂರಾರು ಐನ್‌ಮನೆಗಳಿಗೆ ಖುದ್ದಾಗಿ ಹೋಗಿ ಸಿದ್ಧಪಡಿಸಿದ ದಾಖಲೆ ಯಾವ ಇಲಾಖೆಯೂ ಕೈಗೊಳ್ಳದಿದ್ದ ಕಾರ್ಯ. ಪಟ್ಟಿ ಮಾಡುವುದು ಅಸಾಧ್ಯವೆಂಬವರಿಗೆ ಅದು ಸಾಕಾದ ಉತ್ತರ.

ಇಲ್ಲಿ ಒಂದು ಆಕ್ಷೇಪಣೆಯನ್ನು ಮರೆಮಾಚದೆ ಎದುರಿಸಬೇಕು. ಇವು ಭೂಮಾಲೀಕರ ಮನೆಗಳು. ಗೇಣಿಯ ಭತ್ತದಿಂದ ಪಣತ ತುಂಬಿದ ಕಾಲದ ವೈಭವಕ್ಕೆ ಸಾರ್ವಜನಿಕ ಧನವನ್ನೇಕೆ ವೆಚ್ಚಮಾಡಬೇಕು, ಎಂದು ಕೇಳುವವರಿದ್ದಾರೆ. ಆಕ್ಷೇಪಣೆಯ ಪೂರ್ವಾರ್ಧ ಬಹುಮಟ್ಟಿಗೆ ಸತ್ಯ. 1974ರ ಭೂ ಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗೊಳಿಸಿ ಉಳುವವನಿಗೆ ಹಕ್ಕು ಕೊಟ್ಟದ್ದು ನಮ್ಮ ನಾಡಿನ ಶ್ರೇಯಸ್ಕರವಾದ ಕಾರ್ಯಗಳಲ್ಲೊಂದು; ದೊಡ್ಡ ಪಣತಗಳು ಬರಿದಾದುದಕ್ಕೆ ಅದೂ ಒಂದು ಕಾರಣ, ಮತ್ತು ಅದಕ್ಕಾಗಿ ಯಾರೂ ಮರುಗಬೇಕಾದುದಿಲ್ಲ. ಆದರೆ ಈ ಆಕ್ಷೇಪಣೆಯಿಂದ ಒದಗುವ ನಿರ್ಣಯ ಹೊರಕಟ್ಟಡಗಳನ್ನು ಬಿಡಬೇಕೆಂಬುದಲ್ಲ, ಅವುಗಳನ್ನೇ ಮೊದಲು ಹಿಡಿಯಬೇಕೆಂಬುದು. ಜಗಲಿಯಲ್ಲಿ, ದೇವರ ಕೋಣೆಯಲ್ಲಿ, ಉಪ್ಪರಿಗೆಯಲ್ಲಿ ಉಳಿದಿರುವುದು ಒಡೆಯನ ಸ್ಮೃತಿ. ಒಕ್ಕಿದವನ, ಸುಲಿದವಳ, ಗೊಬ್ಬರ ಹೊತ್ತವಳ, ದನ ಕಾಯ್ದ ಹುಡುಗನ ಹೆಸರು ಯಾವ ಕಡತದಲ್ಲಿಯೂ ಸುಲಭವಾಗಿ ದೊರೆಯುವುದಿಲ್ಲ. ಅವರ ಬದುಕಿಗೆ ಸಾಕ್ಷಿಯಾಗಿ ನಿಂತಿರುವುದು ಕೊಟ್ಟಿಗೆ, ಕಣ, ಬಿಡಾರಗಳೇ. ಅಂಗಳದ ಯಾವ ಗೆರೆಯವರೆಗೆ ಯಾರು ಬರಬಹುದಾಗಿತ್ತು, ಯಾರಿಗೆ ಊಟವನ್ನು ಎಲ್ಲಿ ಬಡಿಸುತ್ತಿದ್ದರು, ಎಂಬ ಕಹಿಯಾದ ಚರಿತ್ರೆಯೂ ಅಲ್ಲಿಯ ಕಲ್ಲು ಮಣ್ಣುಗಳಲ್ಲಿಯೇ ಇದೆ. ಮುಖ್ಯಗೃಹವನ್ನು ಮಾತ್ರ ಮೆರುಗುಕೊಟ್ಟು ಉಳಿಸಿ ಇವುಗಳನ್ನು ಕೆಡವಲು ಬಿಡುವ ಸಂರಕ್ಷಣೆಯು ದುಡಿದವರನ್ನು ಎರಡನೆಯ ಬಾರಿ ಹೊರಗೆ ನಿಲ್ಲಿಸಿದಂತಾಗುತ್ತದೆ.

ವಸ್ತುಸಂಗ್ರಹಾಲಯದ ಮಾರ್ಗವನ್ನು ಹಿಡಿದವರ ಸೇವೆ ಚಿಕ್ಕದಲ್ಲ. ಕುಪ್ಪಳಿಯ ಕವಿಮನೆಯಲ್ಲಿ ಕುವೆಂಪು ಪ್ರತಿಷ್ಠಾನವು ಬೇಸಾಯದ ಸಲಕರಣೆಗಳನ್ನೂ ಗೃಹೋಪಯೋಗಿ ವಸ್ತುಗಳನ್ನೂ ಜೋಪಾನವಾಗಿ ಇರಿಸಿದೆ. ಕುವೆಂಪು ಕಾದಂಬರಿಗಳ ಲೋಕವನ್ನು ಓದಿ ಬಂದವನಿಗೆ ಅಲ್ಲಿ ಆ ಲೋಕದ ಗಾತ್ರ ಪ್ರತ್ಯಕ್ಷವಾಗುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲ್ಪಡಲಿದ್ದ ಮನೆಗಳನ್ನು, ಕುಂಜೂರಿನ ಚೌಕಿಮನೆಯೂ ಸೇರಿ, ಬಿಡಿಬಿಡಿಯಾಗಿ ತಂದು ಮತ್ತೆ ನಿಲ್ಲಿಸಿದ್ದು ಒಬ್ಬ ವ್ಯಕ್ತಿಯ ಶ್ರದ್ಧೆ ಎಷ್ಟನ್ನು ಸಾಧಿಸಬಲ್ಲದೆಂಬುದಕ್ಕೆ ನಿದರ್ಶನ. ಆದರೆ ಸ್ಥಳಾಂತರಕ್ಕೆ ಒಗ್ಗುವುದು ಮರಮುಟ್ಟು. ಅಬ್ಬಿಯ ನೀರು, ತೋಟಕ್ಕಿಳಿಯುವ ದಾರಿ, ಬೆಟ್ಟದ ಸಾಮೀಪ್ಯ, ಇವುಗಳನ್ನು ಗಾಡಿಯ ಮೇಲೆ ಹೇರಲಾಗದು. ಇದ್ದಲ್ಲಿಯೇ ಇರಿಸಲು ಶಕ್ಯವಿಲ್ಲದಾಗ ಮಾತ್ರ ಈ ಮಾರ್ಗ ವಿಹಿತ.

ಇದ್ದಲ್ಲಿಯೇ ಇರಿಸುವುದಕ್ಕೆ ಬೇಕಾದ ಒಂದು ಆಧಾರ ನಮ್ಮ ಕಂದಾಯ ದಾಖಲೆಗಳಲ್ಲಿಯೇ ಇದೆ ಎಂಬುದನ್ನು ಗಮನಿಸಿದವರು ವಿರಳ. ಕರ್ನಾಟಕದ 1966ರ ಭೂ ಕಂದಾಯ ನಿಯಮಗಳ 21ನೆಯ ನಿಯಮವು ಸಾಗುವಳಿಗೆ ಒದಗದ ಜಮೀನನ್ನು ವಿಂಗಡಿಸುವಾಗ ಹಿಡುವಳಿದಾರನ ಬೇಸಾಯದ ಕಟ್ಟಡಗಳನ್ನೂ ಕಣವನ್ನೂ ‘ಅ’ ವರ್ಗದ ಖರಾಬಿನಲ್ಲಿ ಸೇರಿಸಿದೆ. ತೆರಿಗೆಯ ಸಲುವಾಗಿ ಮಾಡಿದ ಈ ವಿಂಗಡಣೆಯಿಂದ, ಸರ್ವೆ ನಂಬರಿನೊಳಗೆ ಇಂಥ ನೆಲ ಎಷ್ಟು ಗುಂಟೆಯಿದೆಯೆಂಬ ಲೆಕ್ಕ ಅನೇಕ ಕಡೆ ಈಗಾಗಲೇ ಬರೆದಿಟ್ಟಿದೆ. ಮನೆಯ ಆವರಣ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಇಂಗ್ಲೆಂಡಿನವರು ನ್ಯಾಯಾಲಯಗಳಲ್ಲಿ ಉತ್ತರ ಹುಡುಕಬೇಕಾಯಿತು. ನಾವು ಹಳೆಯ ಸರ್ವೆ ಪುಸ್ತಕವನ್ನು ತೆರೆದು, ಗ್ರಾಮದ ಹಿರಿಯರನ್ನೂ, ಮುಖ್ಯವಾಗಿ ಅಲ್ಲಿ ದುಡಿದ ಮನೆತನಗಳವರನ್ನೂ ಜೊತೆಗೆ ಕರೆದುಕೊಂಡು ಸ್ಥಳಕ್ಕೆ ಹೋದರೆ ಆ ಗೆರೆಯನ್ನು ಬಹುಪಾಲು ಗುರುತಿಸಬಹುದು. ಪುರಾತತ್ತ್ವ ಮತ್ತು ಪರಂಪರೆ ಇಲಾಖೆಯು ಕಂದಾಯ ಇಲಾಖೆಯೊಡನೆ ಕೂಡಿ ಒಂದೆರಡು ತಾಲ್ಲೂಕುಗಳಲ್ಲಿ ಇದನ್ನು ಮೊದಲು ಮಾಡಿನೋಡಲಿ.

ಪಟ್ಟಿಗೆ ಸೇರಿಸುವುದರಿಂದ ಗೃಹಸ್ಥನ ಮೇಲೆ ಬೀಳುವ ಹೊರೆಯನ್ನು ಸರ್ಕಾರ ಹಂಚಿಕೊಳ್ಳದಿದ್ದಲ್ಲಿ, ಹೆಸರು ಸೇರುವ ಮುನ್ನವೇ ಮನೆ ಕೆಡವುವವರ ಸಂಖ್ಯೆ ಹೆಚ್ಚೀತು. ಆ ಭಯ ಕಾಲ್ಪನಿಕವಲ್ಲ. ಹಳೆಯ ಮರಕ್ಕೆ ಪೇಟೆಯಲ್ಲಿ ಬೆಲೆಯಿದೆ, ದುರಸ್ತಿಗೆ ದುಬಾರಿ ಕೂಲಿಯಿದೆ, ಹಿಸ್ಸೆಯಾದ ಕುಟುಂಬದಲ್ಲಿ ಒಬ್ಬನ ಪಾಲಿಗೆ ಜಗಲಿ ಬಂದರೆ ಇನ್ನೊಬ್ಬನ ಪಾಲಿಗೆ ಕೊಟ್ಟಿಗೆ ಬಂದಿರುತ್ತದೆ. ಆದುದರಿಂದ ಒಪ್ಪಿಗೆಯಿಂದಲೇ ಆರಂಭಿಸತಕ್ಕದ್ದು. ಒಳಗಿನ ಅಡುಗೆಮನೆ, ಶೌಚಗೃಹ, ವಿದ್ಯುತ್ತು, ಇವುಗಳಲ್ಲಿ ವಾಸಿಸುವವನಿಗೆ ಪೂರ್ಣ ಸ್ವಾತಂತ್ರ್ಯವಿರಲಿ. ಮಾಡಿನ ಇಳಿಜಾರು, ಮರದ ಕಟ್ಟು, ಹೊರಕಟ್ಟಡಗಳ ಸನ್ನಿವೇಶ, ಇವುಗಳಿಗೆ ಮಾತ್ರ ಅನುಮತಿಯ ನಿಬಂಧನೆಯಿರಲಿ. ಬರಿದಾದ ಕೊಟ್ಟಿಗೆಯನ್ನು ಗೋದಾಮಾಗಿಯೋ ಅತಿಥಿಗೃಹವಾಗಿಯೋ ಬಳಸುವುದಕ್ಕೆ, ಅದರ ಕಟ್ಟು ಕೆಡದಿರುವವರೆಗೆ, ಅಡ್ಡಿ ಮಾಡಬಾರದು. ಕೊಟ್ಟಿಗೆಯ ಕೊಳೆತ ತೊಲೆಯನ್ನು ಬದಲಿಸಲು ತನ್ನದೇ ಹಿತ್ತಿಲಿನ ಬೀಟೆಯನ್ನು ಕಡಿಯಬೇಕಾದ ಗೃಹಸ್ಥನು ಅರಣ್ಯ ಇಲಾಖೆಯ ಅನುಮತಿಗಾಗಿ ಕಾಯುತ್ತ ಕೂತರೆ, ಮಲೆನಾಡಿನ ಒಂದು ಮಳೆಗಾಲ ಆ ಮಾಡನ್ನು ಬೀಳಿಸಲು ಸಾಕು. ಪಟ್ಟಿಯಲ್ಲಿರುವ ಕಟ್ಟಡದ ದುರಸ್ತಿಗೆ ಬೇಕಾದ ಮರಕ್ಕೆ, ಅಳತೆ ನಿಗದಿಮಾಡಿ, ಬೇಸಿಗೆಯೊಳಗೆ ಅನುಮತಿ ದೊರೆಯುವ ಏರ್ಪಾಡು ಆಗಬೇಕು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಹೆಂಚಿನ ಕೈಗಾರಿಕೆ ಈ ಮನೆಗಳ ಹುಲ್ಲು ಮಾಡನ್ನು ಬದಲಿಸಿತು; ಈಗ ಅಂಥ ಹೆಂಚನ್ನು ಮಾಡುವ ಕಾರ್ಖಾನೆಗಳೂ, ಹೆಂಚು ಕೈಯಾಡಿಸಬಲ್ಲ ಕೆಲಸಗಾರರೂ ಕಡಿಮೆಯಾಗುತ್ತಿದ್ದಾರೆ. ಕಟ್ಟಡಗಳ ಪಟ್ಟಿಯ ಜೊತೆಯಲ್ಲಿಯೇ ಪ್ರತಿ ತಾಲ್ಲೂಕಿನ ಬಡಗಿಗಳ, ಕಲ್ಲುಕುಟಿಗರ, ಮಣ್ಣಿನ ಗೋಡೆ ಹಾಕಬಲ್ಲವರ ಹೆಸರುಗಳನ್ನೂ ಬರೆದಿಡಬೇಕು. ದುರಸ್ತಿಯ ಅನುದಾನದ ಕೂಲಿಯ ಭಾಗವು ನೇರವಾಗಿ ಅವರ ಕೈಗೆ ತಲುಪಬೇಕು. ಒಬ್ಬೊಬ್ಬ ಹಿರಿಯ ಬಡಗಿಯ ಜೊತೆಗೆ ಒಬ್ಬ ಕಿರಿಯನಾದರೂ ಕೆಲಸ ಕಲಿಯುವಂತೆ ಆ ಅನುದಾನಕ್ಕೆ ಷರತ್ತು ಹಾಕಬೇಕು.